ಖಾತೆ ಬದಲಾವಣೆ ಅರ್ಜಿಯ ಹಂತಗಳು: ‘ಭೂಮಿ’ ತಂತ್ರಾಂಶದ ಕಾರ್ಯವಿಧಾನ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಭೂಹಿಡುವಳಿದಾರರ ಮಾಹಿತಿಗಾಗಿ)

ಪೀಠಿಕೆ

ಕ್ರಯ, ದಾನ, ವಿಭಾಗ ಅಥವಾ ವಾರಸಾ ಮೂಲಕ ಕೃಷಿ ಜಮೀನಿನ ಹಕ್ಕು ಬದಲಾದಾಗ ಅದನ್ನು ಪಹಣಿಯಲ್ಲಿ ದಾಖಲಿಸುವ ಕ್ರಮವೇ ಹಕ್ಕು ಬದಲಾವಣೆ ಅಥವಾ ಮ್ಯುಟೇಷನ್. ಜನಬಳಕೆಯಲ್ಲಿ ಇದನ್ನು ಖಾತೆ ಬದಲಾವಣೆ ಎನ್ನಲಾಗುತ್ತದೆ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 133ರ ಮೇರೆಗೆ, ತದ್ವಿರುದ್ಧವಾಗಿ ರುಜುವಾತಾಗುವವರೆಗೆ ಪಹಣಿಯ ನಮೂದನ್ನು ಸತ್ಯವೆಂದೇ ಭಾವಿಸಲಾಗುತ್ತದೆ. ಬೆಳೆ ಸಾಲ, ಬೆಳೆ ವಿಮೆ, ಪರಿಹಾರ ಇವೆಲ್ಲವೂ ಈ ನಮೂದನ್ನು ಅವಲಂಬಿಸಿರುವುದರಿಂದ ಅರ್ಜಿಯು ಯಾವ ಹಂತದಲ್ಲಿದೆ ಎಂಬುದನ್ನು ರೈತರು ಅರಿತಿರುವುದು ಅವಶ್ಯಕ.

ಹಿನ್ನೆಲೆ

ಹಿಂದೆ ಪಹಣಿಗಳು ಗ್ರಾಮಲೆಕ್ಕಿಗರ ಬಳಿ ಕೈಬರಹದಲ್ಲಿದ್ದವು. ಅರ್ಜಿ ಎಲ್ಲಿದೆ, ಯಾರ ಮುಂದಿದೆ ಎಂಬುದು ಅರ್ಜಿದಾರರಿಗೆ ತಿಳಿಯುತ್ತಿರಲಿಲ್ಲ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಕಂದಾಯ ಇಲಾಖೆಗಾಗಿ ರೂಪಿಸಿದ ‘ಭೂಮಿ’ ತಂತ್ರಾಂಶದಲ್ಲಿ ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಅನಂತರ ಕೈಬರಹದ ಪಹಣಿಗಳ ಮಾನ್ಯತೆ ಕೊನೆಗೊಂಡಿತು.

ಅರ್ಜಿಯ ಹಂತಗಳು

1. ಸ್ವೀಕೃತಿ: ಅರ್ಜಿ ದಾಖಲಾದೊಡನೆ ಅದಕ್ಕೆ ಸಂಖ್ಯೆ ದೊರೆಯುತ್ತದೆ. ಸ್ವೀಕೃತಿ ಚೀಟಿಯನ್ನು ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು. ನೋಂದಾಯಿತ ಪತ್ರದ ಮೂಲಕ ಹಕ್ಕು ಪಡೆದವರು ಪ್ರತ್ಯೇಕವಾಗಿ ವರದಿ ಮಾಡಬೇಕಾಗಿಲ್ಲ. ಉಪನೋಂದಣಾಧಿಕಾರಿಗಳ ಕಚೇರಿಯಿಂದಲೇ ಮಾಹಿತಿ ರವಾನೆಯಾಗುತ್ತದೆ. ವಾರಸಾ ಮೂಲಕ ಹಕ್ಕು ಪಡೆದವರು ಕಲಂ 128ರ ಪ್ರಕಾರ ಮೂರು ತಿಂಗಳೊಳಗೆ ವರದಿ ಮಾಡತಕ್ಕದ್ದು.

2. ನೋಟಿಸು: ಹಿತಾಸಕ್ತಿಯುಳ್ಳವರಿಗೆ ನೋಟಿಸು ಹೊರಡಿಸಿ, ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ನೀಡಲಾಗುತ್ತದೆ. ಯೋಜನೆಯ ಆರಂಭದ ವರ್ಷಗಳಲ್ಲಿ ಈ ಅವಧಿ 30 ದಿನಗಳಾಗಿತ್ತು. ಅನಂತರ ಇದನ್ನು ಕಡಿಮೆ ಮಾಡಲಾಗಿದೆ. ಆದ್ದರಿಂದ ನೋಟಿಸಿನಲ್ಲಿ ನಮೂದಿಸಿದ ದಿನಾಂಕವನ್ನೇ ಗಮನಿಸತಕ್ಕದ್ದು.

3. ಆದೇಶ: ಆಕ್ಷೇಪಣೆ ಇಲ್ಲದಿದ್ದಲ್ಲಿ ರಾಜಸ್ವ ನಿರೀಕ್ಷಕರು ಪರಿಶೀಲಿಸಿ ಆದೇಶ ನೀಡುತ್ತಾರೆ. ಆಕ್ಷೇಪಣೆ ಬಂದಲ್ಲಿ ಪ್ರಕರಣವು ತಕರಾರು ವಹಿಯಲ್ಲಿ ದಾಖಲಾಗಿ ವಿಚಾರಣೆಗೆ ಒಳಪಡುತ್ತದೆ.

4. ಇಂಡೀಕರಣ: ಆದೇಶವು ಪಹಣಿಗೆ ಏರಿ ಹೊಸ ಹಕ್ಕುದಾರರ ಹೆಸರು ದಾಖಲಾಗುತ್ತದೆ.

ಹಂತ ಬದಲಾಯಿಸುವ ಅಧಿಕಾರ

ಅರ್ಜಿಯನ್ನು ಒಂದು ಹಂತದಿಂದ ಮತ್ತೊಂದಕ್ಕೆ ಸಾಗಿಸುವ ಅಧಿಕಾರ ಎಲ್ಲರಿಗೂ ಇಲ್ಲ. ಅಧಿಕಾರ ಪಡೆದ ಸಿಬ್ಬಂದಿಯು ಬೆರಳಚ್ಚಿನ ಮೂಲಕ ಗುರುತು ದೃಢಪಡಿಸಿದ ನಂತರವೇ ತಂತ್ರಾಂಶವನ್ನು ಪ್ರವೇಶಿಸಲು ಸಾಧ್ಯ. ಯಾವ ಬದಲಾವಣೆಯನ್ನು ಯಾರು, ಯಾವಾಗ ಮಾಡಿದರೆಂಬುದು ದಾಖಲಾಗುತ್ತದೆ. ಮೊದಲು ಬಂದ ಅರ್ಜಿಗೆ ಮೊದಲ ಆದ್ಯತೆ ಎಂಬ ನಿಯಮದಂತೆ ಸರದಿ ಮೀರಿ ಅರ್ಜಿ ಕೈಗೆತ್ತಿಕೊಳ್ಳುವುದನ್ನು ತಂತ್ರಾಂಶವೇ ತಡೆಯುತ್ತದೆ. ಗಣಕ ತಂತ್ರಾಂಶ ರಚಿಸುವವರ ನಡುವೆಯೂ ಇದೇ ಪದ್ಧತಿಯಿದೆ: ಒಬ್ಬರು ಬರೆದ ಭಾಗವನ್ನು ಮತ್ತೊಬ್ಬರು ಪರಿಶೀಲಿಸಿ ‘ಅಂಗೀಕೃತ’ವೆಂದು ಗುರುತಿಸಿದ ಮೇಲಷ್ಟೇ ಅದು ಮೂಲಕ್ಕೆ ಸೇರುತ್ತದೆ.

ಗಮನಿಸಬೇಕಾದ ಮುಖ್ಯ ಅಂಶ

ತಂತ್ರಾಂಶವು ಸರದಿಯನ್ನು ಕಾಯಬಲ್ಲದು. ಆದರೆ ವಂಶವೃಕ್ಷದಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂಬುದನ್ನು ಅದು ತಾನಾಗಿ ಅರಿಯಲಾರದು. ಉದಾಹರಣೆಗೆ, ತಂದೆಯ ಮರಣಾನಂತರ ಈರುಳ್ಳಿ ಬೆಳೆಯುವ ಹೊಲಕ್ಕೋ ತೆಂಗಿನ ತೋಟಕ್ಕೋ ಗಂಡುಮಕ್ಕಳು ಮಾತ್ರ ಪೌತಿ ಖಾತೆ ಕೋರಿದಲ್ಲಿ, ಮದುವೆಯಾಗಿ ಬೇರೆ ಊರಿನಲ್ಲಿರುವ ಮಗಳಿಗೆ ವಿಷಯವೇ ತಿಳಿಯದಿರಬಹುದು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ನೀಡಿದೆ. ಆದರೂ ಅವಧಿಯೊಳಗೆ ಯಾರೂ ಆಕ್ಷೇಪಿಸದಿದ್ದರೆ ಪ್ರಕರಣವು ‘ತಕರಾರಿಲ್ಲ’ವೆಂದೇ ಮುಂದುವರಿಯುತ್ತದೆ. ಆದ್ದರಿಂದ ನೋಟಿಸಿನ ಹಂತವೇ ಅತ್ಯಂತ ಮಹತ್ವದ್ದು. ಆಕ್ಷೇಪಣೆಯನ್ನು ಲಿಖಿತವಾಗಿ, ಆಧಾರಗಳೊಂದಿಗೆ ಸಲ್ಲಿಸಿ ಸ್ವೀಕೃತಿ ಪಡೆಯುವುದು ಒಳಿತು.

ಮೇಲ್ಮನವಿ

ಅವಧಿ ಮೀರಿದ ಮಾತ್ರಕ್ಕೆ ದಾರಿ ಮುಚ್ಚಿತೆಂದಲ್ಲ. ಆದೇಶ ತಿಳಿಸಲಾದ ಅಥವಾ ನಮೂದು ತಿಳಿದುಬಂದ ದಿನದಿಂದ 60 ದಿನಗಳೊಳಗೆ ಕಲಂ 136(2)ರ ಅಡಿ ತರೀಕೆರೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಂದ ಮುಂದೆ ಕಲಂ 136(3)ರ ಅಡಿ ಜಿಲ್ಲಾಧಿಕಾರಿಗಳಿಗೆ ಪುನರೀಕ್ಷಣಾ ಅಧಿಕಾರವಿದೆ. ಹಕ್ಕಿನ ಮೂಲವನ್ನೇ ಕುರಿತ ವಿವಾದಗಳನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸುತ್ತದೆ.

ಅಜ್ಜಂಪುರ ತಾಲ್ಲೂಕಿನವರಿಗೆ ವಿಶೇಷ ಸೂಚನೆ

2017–18ನೇ ಸಾಲಿನ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಒಂದು. ಅದಕ್ಕೂ ಮೊದಲು ಅದು ತರೀಕೆರೆ ತಾಲ್ಲೂಕಿನ ಹೋಬಳಿಯಾಗಿತ್ತು. ಹಳೆಯ ಕ್ರಯಪತ್ರ ಹಾಗೂ ಮ್ಯುಟೇಷನ್ ಪ್ರತಿಗಳಲ್ಲಿ ತಾಲ್ಲೂಕಿನ ಹೆಸರು ‘ತರೀಕೆರೆ’ ಎಂದಿರುವುದು ದೋಷವಲ್ಲ. ಅಂತಹ ಪತ್ರಗಳಲ್ಲಿ ಗ್ರಾಮ, ಹೋಬಳಿ ಮತ್ತು ಸರ್ವೆ ನಂಬರನ್ನು ಈಗಿನ ಪಹಣಿಯೊಂದಿಗೆ ತಾಳೆ ನೋಡತಕ್ಕದ್ದು.

ಸ್ಥಿತಿ ತಿಳಿಯುವ ಬಗೆ

ಅರ್ಜಿಯ ಸ್ಥಿತಿಯನ್ನು ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಅಥವಾ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ತಿಳಿಯಬಹುದು. ಇಂಡೀಕರಣವಾದ ನಂತರ ಹೊಸ ಪಹಣಿ ಪಡೆದು ಹೆಸರು, ವಿಸ್ತೀರ್ಣ ಮತ್ತು ಸರ್ವೆ ನಂಬರು ಸರಿಯಿರುವುದನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.