ಕೋಟೆ ನೋಡಲು ಬರುವವರಿಲ್ಲ, ಬಸ್ತಾ ಅಂಗಡಿಯಲ್ಲಿ ಕನ್ನಡವಿಲ್ಲ

ಉದಗೀರ: ಮದುವೆ ಗೊತ್ತಾಯಿತೆಂದರೆ ಬೀದರ ಜಿಲ್ಲೆಯ ಔರಾದ, ಕಮಲನಗರ, ಭಾಲ್ಕಿ ಕಡೆಯ ಕುಟುಂಬಗಳು ಬಸ್ತಾ ಹಾಕಲು ಉದಗೀರಕ್ಕೆ ಬರುವುದು ಒಂದು ಕಾಲಕ್ಕೆ ವಾಡಿಕೆಯಾಗಿತ್ತು. ಹುಡುಗನ ಕಡೆಯವರು, ಹುಡುಗಿ ಕಡೆಯವರು, ಸೋದರಮಾವ, ಅತ್ತಿ ಅಂತ ಹತ್ತು ಹದಿನೈದು ಮಂದಿ ಕೂಡಿಯೇ ಬರೋರು. ಮುಂಜಾನೆಯಿಂದ ಸೀರೆ, ಧೋತರ, ರುಮಾಲು ಆರಿಸುವುದು. ಮಧ್ಯಾಹ್ನ ಖಾನಾವಳಿಯಲ್ಲಿ ಊಟ. ಬಿಸಿಲು ಇಳಿದ ಮೇಲೆ ಹುಡುಗರಿಗೆ ಕೋಟೆ ತೋರಿಸಿ ಸಂಜೆ ಗಾಡಿಗೆ ವಾಪಸ್. ಇದಕ್ಕೆ ಪ್ರವಾಸ ಅಂತ ಯಾರೂ ಹೆಸರಿಟ್ಟಿರಲಿಲ್ಲ. ಆದರೆ ಉದಗೀರ ಕೋಟೆಗೆ ಕನ್ನಡ ಸೀಮೆಯಿಂದ ಬರುತ್ತಿದ್ದ ಪ್ರವಾಸಿಗರು ಅಂದರೆ ಬಹುಮಟ್ಟಿಗೆ ಇವರೇ.

ಆ ಮಂದಿ ಈಗ ಕಡಿಮೆ ಆಗ್ಯಾರೆ. ಅವರನ್ನೇ ನಂಬಿದ್ದ ಅಂಗಡಿಗಳೂ ಒಂದೊಂದಾಗಿ ಬಾಗಿಲು ಹಾಕಿವೆ, ಇಲ್ಲವೆ ಧಂದೆ ಬದಲಿಸಿವೆ.

ನೋಡಲು ಏನೂ ಇಲ್ಲ ಅಂತಲ್ಲ. ಉದಗೀರ ಕೋಟೆ ಬೀದರಿನ ಬರೀದಶಾಹಿಗಳ ಕೈಯಲ್ಲಿತ್ತು. 1636ರಲ್ಲಿ ಶಹಾಜಹಾನನ ಸೇನೆ ಅದನ್ನು ಗೆದ್ದುಕೊಂಡಿತು. 1760ರ ಫೆಬ್ರುವರಿಯಲ್ಲಿ ಸದಾಶಿವರಾವ ಭಾವು ನೇತೃತ್ವದ ಮರಾಠಾ ಸೈನ್ಯ ನಿಜಾಮನನ್ನು ಸೋಲಿಸಿದ್ದು ಉದಗೀರದ ಕದನ ಅಂತಲೇ ಹೆಸರಾಗಿದೆ. ಅದೇ ಭಾವು ಮುಂದಿನ ವರ್ಷ ಜನವರಿಯಲ್ಲಿ ಪಾಣಿಪತ್ತಿನಲ್ಲಿ ಬಿದ್ದ. ಕೋಟೆ ಸುತ್ತ ಸುಮಾರು 40 ಅಡಿ ಆಳದ ಕಂದಕ, ಒಳಗೆ ಮಹಲುಗಳು, ಅರಬ್ಬಿ-ಫಾರಸಿ ಶಾಸನಗಳು, ಜೊತೆಗೆ ಊರಿಗೆ ಹೆಸರು ಕೊಟ್ಟ ಉದಾಗೀರ ಬಾವಾನ ಸಮಾಧಿ. ಬೀದರ ಕೋಟೆ ನೋಡಿದವರಿಗೆ ಇದು ಸಣ್ಣದು ಅನಿಸಬಹುದು. ಆದರೆ ಗದ್ದಲವಿಲ್ಲದೆ ಕೂತು ನೋಡಲು ಇದೇ ಚಲೋ ಅಂತ ಈ ವರದಿಗಾರನ ಅಭಿಪ್ರಾಯ.

ಒಂದೇ ಜಿಲ್ಲೆ ಇದ್ದದ್ದು

ಉದಗೀರ, ನಿಲಂಗಾ ತಾಲೂಕುಗಳು 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದವು ಅನ್ನೋದು ಈಗಿನ ಹುಡುಗರಿಗೆ ಗೊತ್ತಿಲ್ಲ. ಆ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ ಹೋದವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಬಂದು ಉಸ್ಮಾನಾಬಾದ ಜಿಲ್ಲೆಗೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆ ಆಯಿತು. ಕಚೇರಿ ಬದಲಾಯಿತು, ಸೋಯರಿಕಿ ಬದಲಾಗಲಿಲ್ಲ. ಔರಾದ ಶಹಾಜನಿಯ ಮಗಳನ್ನು ಭಾಲ್ಕಿಗೆ ಕೊಡೋದು, ಕಮಲನಗರದ ಸೊಸೆಯನ್ನು ಉದಗೀರಕ್ಕೆ ತರೋದು ನಡೆದೇ ಇತ್ತು. ಬಸ್ತಾ ಅಂಗಡಿಗಳು ಬೆಳೆದದ್ದು ಈ ಸೋಯರಿಕಿ ಮೇಲೆಯೇ.

ಆ ಅಂಗಡಿಗಳ ರೀತಿಯೇ ಬೇರೆ. ಬಿಳಿ ಗಾದಿ ಹಾಸಿರೋರು, ಚಪ್ಪಲಿ ಹೊರಗೆ ಬಿಟ್ಟು ಮೇಲೆ ಕೂಡಬೇಕು. ಕೂತ ಕೂಡಲೇ ನೀರು, ಆಮೇಲೆ ಚಹಾ. ಅಂಗಡಿ ಮಾಲೀಕ ಮರಾಠಿಯವನಿರಲಿ, ಮಾರವಾಡಿಯಿರಲಿ, ಗಿರಾಕಿ ಕನ್ನಡದವರೆಂದು ಗೊತ್ತಾದರೆ "ಬರ್ರಿ, ಕೂಡ್ರಿ, ಯಾವೂರು ನಿಮ್ದು?" ಅಂತ ಕನ್ನಡದಲ್ಲೇ ಶುರು ಮಾಡೋರು. ಯಾವ ಶಾಲೆಯಲ್ಲೂ ಕಲಿತ ಕನ್ನಡವಲ್ಲ ಅದು, ಗಲ್ಲೆಯ ಮೇಲೆ ಕೂತು ಕಲಿತದ್ದು. ಊರಿನ ಹೆಸರು ಹೇಳಿದರೆ ಸಾಕು, ಅಲ್ಲಿಯ ನಾಲ್ಕು ಮನೆತನ ಅವರಿಗೆ ಗೊತ್ತಿರುತ್ತಿತ್ತು. ಹಣ ಕಡಿಮೆ ಬಿದ್ದರೆ ಉದ್ರಿ. ರಾಶಿ ಆದ ಮೇಲೆ ತೊಗರಿ ಮಾರಿ ತಂದು ಕೊಡೋದು. ಕಾಮರ್ಸ್ ಓದಿದವನಾಗಿ ಯೋಚಿಸಿದರೆ ಇದು ದೊಡ್ಡ ಧೈರ್ಯದ ವ್ಯವಹಾರ. ಗಿರಾಕಿ ಬೇರೆ ರಾಜ್ಯದವ, ಕಾಗದ ಇಲ್ಲ, ಸಹಿ ಇಲ್ಲ, ಇರೋದು ಒಂದು ಕೆಂಪು ವಹಿ ಮಾತ್ರ. ಈಗ ಬ್ಯಾಂಕಿನವರೂ ಹಾಗೆ ಕೊಡೋದಿಲ್ಲ.

ಬಸ್ತಾ ಮುಗಿದ ಮೇಲೆ ಬಳೆ ಅಂಗಡಿ, ಆಮೇಲೆ ಭಾಂಡೆ ಅಂಗಡಿ. ಹಿತ್ತಾಳೆ ಕೊಡ, ಪರಾತಿನ ಮೇಲೆ ಹುಡುಗಿ ಹೆಸರು ಕೆತ್ತಿಸೋರು. ಹೆಸರು ಕನ್ನಡದಲ್ಲಿ ಬೇಕೆಂದರೆ ಚೀಟಿ ಮೇಲೆ ಬರೆದು ಕೊಡಬೇಕು, ಕೆತ್ತುವವನು ನೋಡಿ ನೋಡಿ ಹೊಡೆಯೋನು. ಅಕ್ಷರ ಒಂದಿಷ್ಟು ಸೊಟ್ಟ ಆಗೋದು. ಅಂಥ ಕೊಡ ಗಡಿಯ ಎರಡೂ ಕಡೆ ಎಷ್ಟೋ ಮನೆಯಲ್ಲಿ ಇನ್ನೂ ಇವೆ. ಕೋಟೆ ನೋಡಿ ಬಂದವರು ಫೋಟೋ ಸ್ಟುಡಿಯೋಕ್ಕೆ ಹೋಗೋದೂ ಇತ್ತು. ಮಜಾ ಅಂದರೆ ಕೋಟೆ ಹತ್ತಿರವೇ ಇದ್ದರೂ ಫೋಟೋದಲ್ಲಿ ಹಿಂದೆ ಕಾಣೋದು ಪರದೆಯ ಮೇಲೆ ಬಿಡಿಸಿದ ಸರೋವರ, ಹಂಸ!

ಬರೋದು ಯಾಕೆ ನಿಂತಿತು?

ಒಂದೇ ಕಾರಣ ಹೇಳಲಾಗದು. ಬಸ್ತಾಕ್ಕೆ ಈಗ ಲಾತೂರ, ಸೊಲ್ಲಾಪುರ, ಹೈದರಾಬಾದ್. ಕಾರು ಇದ್ದವರಿಗೆ ಅದು ದೂರವಲ್ಲ, ಉಳಿದವರಿಗೆ ಮೊಬೈಲ್ ಇದೆ. ಬೀದರ-ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಶುರುವಾದ ಮೇಲೆ ಬೀದರ ಕಡೆಯವರ ಮುಖ ಆ ಕಡೆ ತಿರುಗಿತು. 2020ರ ಲಾಕ್‌ಡೌನ್ ಬಂತು. ಅದರ ಹಿಂದೆಯೇ 2021ರ ಕೊನೆಯಿಂದ 2022ರ ಏಪ್ರಿಲ್ ತನಕ ಮಹಾರಾಷ್ಟ್ರದ ಎಸ್‌.ಟಿ. ನೌಕರರ ಮುಷ್ಕರ. 2022ರ ಡಿಸೆಂಬರಿನಲ್ಲಿ ಮತ್ತು 2025ರ ಫೆಬ್ರುವರಿಯಲ್ಲಿ ಬೆಳಗಾವಿ ಕಡೆಯ ಜಗಳಕ್ಕೆ ಎರಡು ರಾಜ್ಯಗಳ ನಡುವಿನ ಬಸ್ ಸಂಚಾರಕ್ಕೆ ಪೆಟ್ಟು ಬಿತ್ತು. ಜಗಳ ಅಲ್ಲಿ, ನಿಲ್ದಾಣದಲ್ಲಿ ಗಂಟು ಹಿಡಿದು ಕೂಡೋದು ಇಲ್ಲಿ.

ಹೆಚ್ಚು ಮಂದಿ ಗಮನಿಸದ ಇನ್ನೊಂದು ಸಂಗತಿ ಬಸ್ ಟಿಕೆಟ್ಟಿನದು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಗೆ ಬಂತು. ಬಸವಕಲ್ಯಾಣದ ಅಕ್ಕ ಕಲಬುರಗಿಗೆ, ಬೀದರಕ್ಕೆ, ಧರ್ಮಸ್ಥಳಕ್ಕೂ ಪುಕ್ಕಟೆ ಹೋಗಬಹುದು. ಆದರೆ ಉಮರ್ಗಾದಲ್ಲಿ ಕೊಟ್ಟ ತಂಗಿ ತವರಿಗೆ ಹೊರಟರೆ ಆಕೆಯ ಆಧಾರ್ ಮಹಾರಾಷ್ಟ್ರದ್ದು, ಕರ್ನಾಟಕದ ಬಸ್ಸಿನಲ್ಲಿ ಟಿಕೆಟ್ ತೆಗೆಸಲೇಬೇಕು. ಅದೇ ವರ್ಷ ಮಾರ್ಚ್ 17ರಿಂದ ಮಹಾರಾಷ್ಟ್ರ ತನ್ನ ಎಸ್‌.ಟಿ. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ ಮಾಡಿತು. ಅದೂ ತನ್ನ ಗಡಿಯ ತನಕ. ಎರಡೂ ಯೋಜನೆ ಒಳ್ಳೆಯವೇ. ಆದರೆ ಪುಕ್ಕಟೆ ದಾರಿ ಒಂದು ಕಡೆ ಇದ್ದು ರೊಕ್ಕದ ದಾರಿ ಇನ್ನೊಂದು ಕಡೆ ಇದ್ದರೆ ಮನೆಯ ಹೆಣ್ಣುಮಕ್ಕಳು ಯಾವ ಪೇಟೆಗೆ ಹೋಗ್ತಾರೆ ಅಂತ ಬೇರೆ ಹೇಳಬೇಕಿಲ್ಲ. ಬಸ್ತಾ ನಿರ್ಧರಿಸುವವರು ಅವರೇ.

ಉದಗೀರದಲ್ಲಿ ಮಂದಿ ಸೇರುವುದೇ ಇಲ್ಲ ಅಂತೇನಿಲ್ಲ. 2022ರ ಏಪ್ರಿಲಿನಲ್ಲಿ 95ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಇಲ್ಲೇ ನಡೆಯಿತು. 2024ರ ಸೆಪ್ಟೆಂಬರ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಬುದ್ಧ ವಿಹಾರ ಉದ್ಘಾಟಿಸಿದರು. ಕಲಬುರಗಿಯ ವಿಹಾರದ ಮಾದರಿಯಲ್ಲಿ ಕಟ್ಟಿದ್ದಾದ್ದರಿಂದ ನಮ್ಮವರಿಗೆ ನೋಡಿದಂತೆಯೇ ಅನಿಸುತ್ತದೆ. ಆದರೆ ಸಮ್ಮೇಳನದ ಗದ್ದಲ ಮೂರು ದಿನದ್ದು, ಅಂಗಡಿ ಬಾಡಿಗೆ ಹನ್ನೆರಡು ತಿಂಗಳದ್ದು.

ನಿಲಂಗಾ, ಉಮರ್ಗಾ ಕಥೆ

ನಿಲಂಗಾದ್ದು ಸ್ವಲ್ಪ ಬೇರೆ. ಅಲ್ಲಿಯ ನೀಲಕಂಠೇಶ್ವರ ಗುಡಿ ಚಾಲುಕ್ಯರ ಕಾಲದ ಕೆತ್ತನೆಯದು, ಬಸವಕಲ್ಯಾಣದ ಅರಸರ ಕೆಲಸದ ನಂಟು ನೋಡಿದ ಕೂಡಲೇ ತಿಳಿಯುತ್ತದೆ. ಗುಡಿ ಅಲ್ಲೇ ಉಳಿಯಿತು, ಊರಿನ ಹೆಸರು ಮಾತ್ರ ತಟ್ಟೆ ಹತ್ತಿ ಊರೂರು ತಿರುಗಿತು. ಲಾತೂರಿನ ಗಾಡಿಗಳ ಮೇಲೆ 'ನಿಲಂಗಾ ರೈಸ್' ಅಂತ ಬೋರ್ಡು ಕಾಣುತ್ತದೆ. ಹಳದಿ ಬಣ್ಣದ ಖಾರದ ಅನ್ನ, ಬಿಸಿ ಇರುವಾಗಲೇ ತಿನ್ನಬೇಕು. ಆ ಅನ್ನ ತಿಂದವರಲ್ಲಿ ಗುಡಿ ನೋಡಿದವರು ಎಷ್ಟು ಮಂದಿಯೋ!

ಉಮರ್ಗಾ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಊರು. ಸಮುದ್ರ ಕಾಣದ ನಮ್ಮ ಸೀಮೆಗೆ ನೀರು ನೋಡುವ ಜಾಗ ಅಂದರೆ ಅದೇ ಹೆದ್ದಾರಿ ಮೇಲಿನ ನಳದುರ್ಗ. ಎರಡನೇ ಇಬ್ರಾಹಿಂ ಆದಿಲಶಾಹ ಬೋರಿ ಹೊಳೆಗೆ ಅಡ್ಡ ಕಟ್ಟಿಸಿದ ಒಡ್ಡಿನ ಹೊಟ್ಟೆಯಲ್ಲೇ ಪಾಣಿ ಮಹಲ್ ಇದೆ. ಒಡ್ಡು ತುಂಬಿದರೆ ನರ, ಮಾದಿ ಅಂತ ಎರಡು ಧಾರೆ ಧುಮುಕುತ್ತವೆ. ಈಗ ಹುಡುಗರು ಟೆಂಪೊ ಮಾಡಿಕೊಂಡು ಗೋಕರ್ಣ, ಗಣಪತಿಪುಳೆಗೆ ನಿಜವಾದ ಸಮುದ್ರಕ್ಕೇ ಹೋಗ್ತಾರೆ, ಅದು ತಪ್ಪಲ್ಲ. ಸೀಗೆ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದು ಹೋಗುವ ಕನ್ನಡ ಭಕ್ತರು ಮಾತ್ರ ಈ ದಾರಿ ಬಿಟ್ಟಿಲ್ಲ. ದಾರಿಯುದ್ದಕ್ಕೂ ಅವರಿಗೆ ದಾಸೋಹ ಇರುತ್ತದೆ. ಹಾಗಾಗಿ ಹೋಟೆಲ್ಲಿನವರಿಗೆ ಅದರಿಂದ ಏನೂ ಗಿಟ್ಟುವುದಿಲ್ಲ.

ಹೋಗಿ ಬರುವ ಮನಸ್ಸಿದ್ದವರಿಗೆ: ನಳದುರ್ಗಕ್ಕೆ ಒಳ್ಳೆ ಮಳೆ ಆದ ಮೇಲೆಯೇ ಹೋಗಬೇಕು, ಒಡ್ಡು ತುಂಬದಿದ್ದರೆ ಧಾರೆ ಇರೋದಿಲ್ಲ. ಉದಗೀರಕ್ಕೆ ಬೀದರ, ಭಾಲ್ಕಿ, ಕಮಲನಗರದಿಂದ ರೈಲು ಇದೆ. ಹಳೇ ಬಸ್ತಾ ಅಂಗಡಿ ಕೆಲವು ಇನ್ನೂ ನಡೆದಿವೆ, ಗಲ್ಲೆಯ ಮೇಲೆ ಹಿರಿಯರೇ ಕೂಡ್ತಾರೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ದರ ಹೇಳ್ತಾರೆ. ಮಧ್ಯಾಹ್ನ ಊಟದ ಮೇಲೆ ಮಕ್ಕಳು, ಮೊಮ್ಮಕ್ಕಳು ಕೂಡ್ತಾರೆ, ಅವರಿಗೆ ಕನ್ನಡ ಬರೋದಿಲ್ಲ. ಅದಕ್ಕ ಮುಂಜಾನೆಯೇ ಹೋಗೋದು ಚಲೋ.