ಬೆಲ್ಟ್ ಜಾರಿದರೆ ಕೆಚ್ಚಲಿಗೆ ಪೆಟ್ಟು



ಹಳೆಯ ಕಾರೋ ಗೂಡ್ಸ್ ಗಾಡಿಯೋ ಇರುವ ಮನೆಯವರಿಗೆ ಈ ತೊಂದರೆ ಗೊತ್ತಿರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಕಿರ್ರೆಂಬ ಶಬ್ದ, ಹೆಡ್‌ಲೈಟ್ ಮಂಕು, ಎದುರಿಗೆ ಬ್ಯಾಟರಿಯ ಕೆಂಪು ದೀಪ. ಹೊಸ ಬ್ಯಾಟರಿ ಹಾಕಿಸುತ್ತಾರೆ, ಸ್ವಲ್ಪ ದಿನಕ್ಕೆ ಅದೂ ಇಳಿದುಹೋಗುತ್ತದೆ. ಎಷ್ಟೋ ಸಲ ತಪ್ಪು ಬ್ಯಾಟರಿಯದಲ್ಲ, ಡೈನಮೋ ತಿರುಗಿಸುವ ಬೆಲ್ಟಿನದು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ತೋರಿಸಬೇಕು. 12.5ರ ಆಸುಪಾಸಿನಲ್ಲೇ ನಿಂತಿದ್ದರೆ ಚಾರ್ಜ್ ಆಗುತ್ತಿಲ್ಲ ಎಂದೇ ಅರ್ಥ.

ಪಶುವೈದ್ಯರಿಗೆ ಕಾರಿನ ಉಸಾಬರಿ ಯಾಕೆ ಎನ್ನಬೇಡಿ. ನಿಮ್ಮ ಕೊಟ್ಟಿಗೆಯ ಹಾಲು ಕರೆಯುವ ಯಂತ್ರದಲ್ಲೂ ಮೋಟಾರಿನಿಂದ ವ್ಯಾಕ್ಯೂಮ್ ಪಂಪಿಗೆ ಅಂಥದೇ ಬೆಲ್ಟ್ ಇರುತ್ತದೆ. (ಕೆಲವು ಯಂತ್ರಗಳಲ್ಲಿ ಮೋಟಾರು ನೇರವಾಗಿ ಪಂಪಿಗೇ ಕೂಡಿರುತ್ತದೆ, ಅವರಿಗೆ ಈ ತಾಪತ್ರಯವಿಲ್ಲ.) ಅದು ಜಾರಿದರೆ ದಂಡ ತೆರುವುದು ಹಸುವಿನ ಕೆಚ್ಚಲು. ಹಸುವಿಗೆ ಕೆಚ್ಚಲು ಬಾವು ಬಂತೆಂದು ಇಂಜೆಕ್ಷನ್ ಹಾಕಿಸುತ್ತೀರಿ, ವಾಸಿಯಾಗುತ್ತದೆ, ಮತ್ತೆ ಬರುತ್ತದೆ. ಕೊನೆಗೆ ಹಸುವನ್ನೇ ದೂರುತ್ತೀರಿ, ಇಲ್ಲವೇ ನಮ್ಮ ಔಷಧಿಯನ್ನು. ಯಂತ್ರದ ಕಡೆ ಯಾರೂ ನೋಡುವುದಿಲ್ಲ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲು ಸುತ್ತುವವರಿಗೂ ಚಳ್ಳಕೆರೆ ಕಡೆ ಕಂಬಳಿಗೆ ಉಣ್ಣೆ ನೂಲುವವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಟೆಯ ದಾರ ಸಡಿಲವಾದರೆ ಚಕ್ರ ತಿರುಗುತ್ತದೆ, ಕದಿರು ಮಾತ್ರ ಸರಿಯಾಗಿ ತಿರುಗುವುದಿಲ್ಲ. ಇಲ್ಲಿಯೂ ಮೋಟಾರು ಜೋರಾಗಿಯೇ ಓಡುತ್ತದೆ, ಪಂಪು ನಿಧಾನವಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಬಕೆಟ್ ಯಂತ್ರಗಳಲ್ಲಿ ಗೇಜಿನ ಮುಳ್ಳು ಸಾಮಾನ್ಯವಾಗಿ 42ರಿಂದ 50 ಕಿಲೋಪಾಸ್ಕಲ್ ನಡುವೆ ನಿಲ್ಲಬೇಕು. ಇಂಚಿನ ಗೇಜಾದರೆ 12.5ರಿಂದ 15. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ.

ಎಳೆತ ಕಡಿಮೆಯಾದಾಗ ಕ್ಲಸ್ಟರ್ ಮೊಲೆಯನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಲೈನರ್ ಕೆಳಗೆ ಜಾರುತ್ತದೆ, ಸುಸ್ ಎಂದು ಗಾಳಿ ಒಳನುಗ್ಗುತ್ತದೆ. ಆ ಗಾಳಿಯ ರಭಸಕ್ಕೆ ಕ್ಲಸ್ಟರಿನೊಳಗಿನ ಹಾಲಿನ ಹನಿಗಳು ಹಿಮ್ಮುಖವಾಗಿ ಮೊಲೆತೊಟ್ಟಿನ ತೂತಿಗೆ ಬಡಿಯುತ್ತವೆ. ಒಂದು ಮೊಲೆಯಲ್ಲಿ ರೋಗಾಣು ಇದ್ದರೆ ಇನ್ನೊಂದಕ್ಕೆ ದಾಟಲು ಇಷ್ಟು ಸಾಕು. ಜೊತೆಗೆ ಕರೆಯುವುದು ತಡವಾಗಿ ತೊಟ್ಟಿನ ತುದಿ ಒರಟಾಗುತ್ತದೆ, ಕೆಚ್ಚಲಲ್ಲಿ ಹಾಲೂ ಉಳಿಯುತ್ತದೆ. ಹೊರಗೆ ಬಾವು ಕಾಣದಿದ್ದರೂ ಒಳಗೊಳಗೇ ರೋಗವಿದ್ದರೆ ಹಾಲು ಕಡಿಮೆಯಾಗುತ್ತದೆ, ಸಂಘದಲ್ಲಿ ಎಸ್.ಎನ್.ಎಫ್. ಇಳಿಯುತ್ತದೆ. ಔಷಧಿ ಕೊಟ್ಟರೆ ಅದರ ಅವಧಿ ಮುಗಿಯುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ. ಬೆಲ್ಟಿನ ಬೆಲೆಯನ್ನು ಈ ನಷ್ಟದ ಪಕ್ಕ ಇಟ್ಟು ನೀವೇ ಲೆಕ್ಕ ಹಾಕಿ.

ಬೆಲ್ಟ್ ಜಾರುತ್ತಿದೆ ಎಂದು ತಿಳಿಯುವುದು ಹೇಗೆ? ಸ್ವಿಚ್ ಹಾಕಿದ ಕೂಡಲೇ ಕಿರುಚುತ್ತದೆ, ಸ್ವಲ್ಪ ಹೊತ್ತಿಗೆ ಸುಮ್ಮನಾಗಬಹುದು. ರಬ್ಬರ್ ಸುಟ್ಟ ವಾಸನೆ ಬರುತ್ತದೆ. ಬೆಲ್ಟಿನ ಕೆಳಗೆ ಕಾಡಿಗೆಯಂಥ ಕಪ್ಪು ಪುಡಿ ಬಿದ್ದಿರುತ್ತದೆ. ಗೇಜಿನ ಮುಳ್ಳು ಮೊದಲಿನಂತೆ ಬೇಗ ಏರುವುದಿಲ್ಲ, ಎರಡನೇ ಹಸುವಿಗೆ ಕ್ಲಸ್ಟರ್ ಹಾಕಿದೊಡನೆ ಕುಸಿಯುತ್ತದೆ.

ಆದರೆ ಮುಳ್ಳು ಇಳಿದಾಗಲೆಲ್ಲ ಬೆಲ್ಟೇ ಕಾರಣವಲ್ಲ. ಕ್ಲಸ್ಟರುಗಳನ್ನೆಲ್ಲ ಬಂದ್ ಮಾಡಿ ಪಂಪ್ ಮಾತ್ರ ಓಡಿಸಿ. ಬೆಲ್ಟ್ ಕಿರುಚದೆ ಮುಳ್ಳು ಕೆಳಗೇ ಇದ್ದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ಬಕೆಟ್ ಮುಚ್ಚಳದ ವಾಷರ್, ಬಿರುಕು ಬಿಟ್ಟ ಪೈಪು, ಧೂಳು ಕಟ್ಟಿ ತೆರೆದೇ ಉಳಿದ ರೆಗ್ಯುಲೇಟರ್ ನೋಡಿ. ಮೋಟಾರು ಗುಂಯ್ ಎನ್ನುತ್ತಾ ಕೊಟ್ಟಿಗೆಯ ಬಲ್ಬೂ ಮಂಕಾಗಿದ್ದರೆ ವೋಲ್ಟೇಜ್ ಇಲ್ಲ. ಬೆಲ್ಟ್ ಎಷ್ಟು ಬಿಗಿ ಮಾಡಿದರೂ ಅದಕ್ಕೆ ಪರಿಹಾರವಿಲ್ಲ.

ಬೆಲ್ಟ್ ಮುಟ್ಟುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಮೇಲೆ ಕಟ್ಟಿ. ಬೆಲ್ಟಿನ ಮೇಲಿನ ಜಾಲರಿಯನ್ನು ಕಿತ್ತು ಮೂಲೆಗಿಟ್ಟಿದ್ದರೆ ಇವತ್ತೇ ಮತ್ತೆ ಹಾಕಿಸಿ. ಓಡುವ ಬೆಲ್ಟಿಗೆ ಸಿಕ್ಕ ಸೆರಗನ್ನು ಬಿಡಿಸಿಕೊಳ್ಳುವಷ್ಟು ಸಮಯ ಸಿಗುವುದಿಲ್ಲ.

ಈಗ ಎರಡು ಪುಲ್ಲಿಗಳ ನಡುಮಧ್ಯೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ. ಪುಲ್ಲಿಗಳ ನಡುವೆ ಒಂದು ಅಡಿಯಷ್ಟು ಅಂತರವಿದ್ದರೆ ಅರ್ಧದಿಂದ ಒಂದು ಸೆಂಟಿಮೀಟರ್ ತಗ್ಗಬೇಕು. ಅದಕ್ಕಿಂತ ಹೆಚ್ಚು ತಗ್ಗಿದರೆ ಸಡಿಲ. ಸ್ವಲ್ಪವೂ ತಗ್ಗದಿದ್ದರೆ ಅತಿ ಬಿಗಿ. ಅದರಿಂದ ಮೋಟಾರಿನ, ಪಂಪಿನ ಬೇರಿಂಗ್ ಬಿಸಿಯಾಗಿ ಹಾಳಾಗುತ್ತವೆ. ಬೆಲ್ಟಿನ ಎರಡೂ ಬದಿ ನೋಡಿ. ವಿ ಆಕಾರದ ಈ ಬೆಲ್ಟ್ ಪುಲ್ಲಿಯನ್ನು ಹಿಡಿಯುವುದು ಬದಿಗಳಿಂದಲೇ ಹೊರತು ತಳದಿಂದಲ್ಲ. ಬದಿಗಳು ಗಾಜಿನಂತೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಅಥವಾ ಬೆಲ್ಟ್ ಸವೆದು ಪುಲ್ಲಿಯ ಕಾಲುವೆಯ ತಳಕ್ಕೇ ಕೂತಿದ್ದರೆ ಎಷ್ಟು ಎಳೆದು ಕಟ್ಟಿದರೂ ಜಾರುತ್ತದೆ. ಬದಲಿಸಲೇಬೇಕು. ಹೊಸದು ಬೇಗ ಸವೆದರೆ ಎರಡು ಪುಲ್ಲಿಗಳ ಮುಖಕ್ಕೂ ತಾಗುವಂತೆ ಒಂದು ದಾರ ಎಳೆದು ಹಿಡಿದು ನೋಡಿ. ದಾರ ಒಂದಕ್ಕೆ ತಾಗಿ ಇನ್ನೊಂದರಿಂದ ದೂರ ನಿಂತರೆ ಮೋಟಾರು ಸೊಟ್ಟಗೆ ಕೂತಿದೆ.

ಕಿರುಚಾಟ ನಿಲ್ಲಿಸಲು ಸೋಪು, ಮೇಣ, ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ದಯವಿಟ್ಟು ಬೇಡ. ಎಣ್ಣೆ ಬಿದ್ದರೆ ಬೆಲ್ಟ್ ಇನ್ನೂ ಜಾರುತ್ತದೆ, ರಬ್ಬರೂ ಉಬ್ಬುತ್ತದೆ. ಪಂಪಿಗೆ ಹಾಕುವ ಆಯಿಲ್ ಚೆಲ್ಲಿದ್ದರೆ ಒಣ ಬಟ್ಟೆಯಿಂದ ಬೆಲ್ಟನ್ನೂ ಪುಲ್ಲಿಯನ್ನೂ ಒರೆಸಿ. ನಮ್ಮ ಸೀಮೆಯ ಗಾಳಿ, ಧೂಳು ನಿಮಗೆ ಗೊತ್ತೇ ಇದೆ. ಮೇವು ಕತ್ತರಿಸುವ ಯಂತ್ರವನ್ನೂ ಪಕ್ಕದಲ್ಲೇ ಇಟ್ಟರೆ ಶೇಂಗಾ ಹೊಟ್ಟಿನ ಪುಡಿ, ಸೊಪ್ಪೆಯ ಪುಡಿ ಪುಲ್ಲಿಯಲ್ಲಿ ಕೂರುತ್ತದೆ. ಪಂಪನ್ನು ಗೋಡೆಯ ಆ ಕಡೆ ಇಡಲು ಜಾಗವಿದ್ದರೆ ಒಳ್ಳೆಯದು.

ಹೊಸ ಬೆಲ್ಟ್ ತರಲು ಹೋಗುವಾಗ ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅದರ ಮೇಲೆ ಅಕ್ಷರ ಮತ್ತು ಅಂಕಿ ಅಚ್ಚಾಗಿರುತ್ತವೆ. ಎಣ್ಣೆ ಮಿಲ್ಲುಗಳ ಊರಾದ ಚಳ್ಳಕೆರೆಯಲ್ಲಿ ಬೆಲ್ಟಿಗೆ ಬರವಿಲ್ಲ. ಎರಡು ತಂದರೆ ಒಂದು ಕೊಟ್ಟಿಗೆಯಲ್ಲಿರಲಿ. ಹೊಸ ಬೆಲ್ಟ್ ಮೊದಲ ಒಂದೆರಡು ದಿನದಲ್ಲಿ ಸ್ವಲ್ಪ ಹಿಗ್ಗುವುದರಿಂದ ಮತ್ತೊಮ್ಮೆ ಬಿಗಿ ನೋಡಬೇಕು.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಬೆಲ್ಟ್ ಜಾರುತ್ತಿದ್ದ ದಿನಗಳಲ್ಲಿ ಎಳೆತ ಸಾಲದೆಂದು ಯಾರಾದರೂ ರೆಗ್ಯುಲೇಟರ್ ತಿರುಗಿಸಿ ಬಿಗಿ ಮಾಡಿರುತ್ತಾರೆ. ಹೊಸ ಬೆಲ್ಟ್ ಹಾಕಿದ ಮೇಲೆ ಅದು ಹಾಗೇ ಉಳಿದರೆ ಎಳೆತ ವಿಪರೀತವಾಗಿ, ಮೊಲೆತೊಟ್ಟು ಊದಿ ನೀಲಿಗಟ್ಟುತ್ತದೆ, ಹಸು ಒದೆಯಲು ಶುರುಮಾಡುತ್ತದೆ. ಆದ್ದರಿಂದ ಬೆಲ್ಟ್ ಬದಲಿಸಿದ ದಿನ ಕ್ಲಸ್ಟರ್ ಹಾಕುವ ಮುಂಚೆಯೇ ಗೇಜ್ ನೋಡಿ ರೆಗ್ಯುಲೇಟರನ್ನು ಸರಿಯಾದ ಅಂಕಿಗೆ ತನ್ನಿ. ಅದಾದ ಮೇಲೆ ಕರೆಯುವ ಎಲ್ಲ ಹಸುಗಳಿಗೂ ಒಮ್ಮೆ ಸಿ.ಎಂ.ಟಿ. ಪರೀಕ್ಷೆ ಮಾಡಿಸಿ. ನಾಲ್ಕು ಮೊಲೆಯ ಹಾಲನ್ನು ನಾಲ್ಕು ಬಟ್ಟಲಿಗೆ ಬೇರೆ ಬೇರೆ ಹಿಂಡಿ, ಅಷ್ಟೇ ಪ್ರಮಾಣದ ದ್ರಾವಣ ಬೆರೆಸಿ ಅಲ್ಲಾಡಿಸುವುದು. ಯಾವ ಬಟ್ಟಲಿನದು ಗಂಜಿಯಂತೆ ಗಟ್ಟಿಯಾಗುತ್ತದೋ ಆ ಮೊಲೆಯಲ್ಲಿ ರೋಗವಿದೆ. ಅಂಥ ಹಸುವನ್ನು ಕೊನೆಯಲ್ಲಿ ಕರೆಯಿರಿ, ನಮಗೆ ಹೇಳಿ ಕಳಿಸಿ.