ಹೆಂಚೋ, ತಗಡೋ: ಮನೆಯ ಮಾಡಿನ ದೀರ್ಘಕಾಲದ ಲೆಕ್ಕ

ವೈಶಾಖದ ಬಿಸಿಲು ಏರತೊಡಗಿದಂತೆ ನಾಗಪುರದ ನಮ್ಮ ಕನ್ನಡ ಕುಟುಂಬಗಳಲ್ಲಿ ಎರಡು ಮಾಡುಗಳ ಮಾತು ಪ್ರತಿವರ್ಷವೂ ಬರುತ್ತದೆ. ಒಂದು, ಇಲ್ಲಿಯ ಮನೆಯ ತಾರಸಿಯ ಮೇಲೆ ತಗಡಿನ ಶೀಟಿನ ಮರೆಯೊಂದನ್ನು ಎತ್ತಿಸಬೇಕೇ ಎಂಬುದು. ಇನ್ನೊಂದು, ಊರಿನಲ್ಲಿರುವ ಹಿರಿಯರ ಹೆಂಚಿನ ಮನೆಯನ್ನು ಹಾಗೆಯೇ ಉಳಿಸಿಕೊಳ್ಳಬೇಕೇ, ಇಲ್ಲವೇ ಹೆಂಚು ಇಳಿಸಿ ಶೀಟು ಹೊದಿಸಬೇಕೇ ಎಂಬುದು. ಸಾಲದ ಅರ್ಜಿಗಳನ್ನು ನೋಡುತ್ತ ಮೂರು ದಶಕ ಕಳೆದಿರುವ ನಮಗೆ ಒಂದು ಸಂಗತಿ ಮನದಟ್ಟಾಗಿದೆ. ಜನ ಕೊಟೇಶನ್ ಹಿಡಿದು ಬರುತ್ತಾರೆ. ಅದರಲ್ಲಿ ಮೊದಲ ದಿನದ ಖರ್ಚು ಮಾತ್ರ ಇರುತ್ತದೆ. ಮಾಡು ಎಂಬುದಾದರೋ ಮೂವತ್ತು ವರ್ಷ ಖರ್ಚು ಕೇಳುತ್ತಲೇ ಇರುವ ವಸ್ತು. ಆ ಮೂವತ್ತು ವರ್ಷಗಳ ಲೆಕ್ಕವನ್ನು ನಾವೂ ಒಮ್ಮೆ ತಪ್ಪಾಗಿ ಹಾಕಿದ್ದೆವು. ಆ ತಪ್ಪು ಯಾವುದೆಂಬುದನ್ನು ಮುಂದೆ ಹೇಳುತ್ತೇವೆ.

ಮೊದಲು ಹೆಂಚಿನ ವಿಷಯ. ನಾಗಪುರದ ಮಹಾಲ, ಇತವಾರಿಯಂತಹ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಅಲ್ಲಲ್ಲಿ ಉಳಿದಿರುವ, ಇಲ್ಲಿಯವರು ಕವೇಲು ಎಂದು ಕರೆಯುವ ಹೆಂಚು ಕುಂಬಾರನ ಕೈಯದು. ನಮ್ಮ ಕಡೆಯ ಮಂಗಳೂರು ಹೆಂಚು ಯಂತ್ರದ ಅಚ್ಚಿನದು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಪಾದ್ರಿಯು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಇದರ ಕಾರ್ಖಾನೆಯನ್ನು ಆರಂಭಿಸಿದನು. ನೇತ್ರಾವತಿಯ ದಡದ ಜೇಡಿಮಣ್ಣು, ಘಟ್ಟದ ಸೌದೆ, ಹತ್ತಿರದ ಬಂದರು, ಈ ಮೂರೂ ಕೂಡಿದ್ದರಿಂದ ಆ ಹೆಂಚು ದೂರದೂರದ ಊರುಗಳನ್ನು ಮುಟ್ಟಿತು. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂರುವಂತೆ ಮಾಡಿದ್ದೇ ಅದರ ಹೆಚ್ಚುಗಾರಿಕೆ. ಚದರ ಮೀಟರಿಗೆ ಸುಮಾರು 15 ಹೆಂಚುಗಳು ಬೇಕು. ಒಂದೊಂದೂ ಎರಡೂವರೆ ಕಿಲೋಗ್ರಾಮಿನ ಆಸುಪಾಸು ತೂಗುತ್ತದೆ. ಅಂದರೆ ಚದರ ಮೀಟರಿಗೆ ನಲವತ್ತು ಕಿಲೋಗ್ರಾಮಿಗೆ ಸಮೀಪ. ಅರ್ಧ ಮಿಲಿಮೀಟರು ದಪ್ಪದ ಉಕ್ಕಿನ ಶೀಟು ಅಷ್ಟೇ ಜಾಗಕ್ಕೆ ನಾಲ್ಕೈದು ಕಿಲೋಗ್ರಾಮು ಮಾತ್ರ. ಈ ಎಂಟು ಪಟ್ಟಿನ ಅಂತರವೇ ಅರ್ಧ ಲೆಕ್ಕವನ್ನು ನಿರ್ಧರಿಸುತ್ತದೆ. ಹೊಸದಾಗಿ ಕಟ್ಟುವವರಿಗೆ ಹೆಂಚಿನ ಅಡಿಯ ಮರಮಟ್ಟು ಹೆಂಚಿಗಿಂತಲೂ ದುಬಾರಿ. ಆದರೆ ಹಿರಿಯರು ಹಾಕಿಸಿದ ತೊಲೆ, ಪಕಾಸುಗಳು ಗಟ್ಟಿಯಾಗಿದ್ದರೆ ಆ ಖರ್ಚು ಎಂದೋ ಸಂದಾಯವಾಗಿದೆ.

ಚೆನ್ನಾಗಿ ಬೆಂದ ಹೆಂಚು ಸ್ವತಃ ಹಳತಾಗುವುದು ಬಹಳ ನಿಧಾನ. ಹಾಳಾಗುವುದು ಅದರ ಕೆಳಗಿನ ರೀಪು. ಮಂಗ ಹಾರಿ, ಅಡಿಕೆ ಸೋಗೆಯೋ ತೆಂಗಿನ ಹೆಡೆಯೋ ಬಿದ್ದು ಒಂದು ಹೆಂಚು ಒಡೆಯಿತೆನ್ನಿ. ಆ ಸಂದಿನಿಂದ ಇಳಿದ ನೀರು ರೀಪನ್ನು ಕೊಳೆಯಿಸುತ್ತದೆ, ಒದ್ದೆ ಮರಕ್ಕೆ ಗೆದ್ದಲು ಬರುತ್ತದೆ, ಎರಡನೆಯ ಮಳೆಗಾಲಕ್ಕೆ ಗೋಡೆಯ ಮಣ್ಣು ಕರಗುತ್ತದೆ. ಐವತ್ತು ರೂಪಾಯಿಯ ಹೆಂಚು ಐವತ್ತು ಸಾವಿರದ ಗೋಡೆಯನ್ನು ಕೆಡಹುವುದು ಹೀಗೆ. ಆದಕಾರಣ ಮಲೆನಾಡಿನಲ್ಲಿ ಮಳೆ ಹಿಡಿಯುವ ಮುನ್ನ ಪ್ರತಿವರ್ಷವೂ ಮಾಡಿನ ಮೇಲೇರಿ ಹೆಂಚು ಕೈಯಾಡಿಸುವ ಕ್ರಮವಿದೆ.

ಇನ್ನು ತಗಡು. ಎಲ್ಲ ಶೀಟೂ ಒಂದೇ ಅಲ್ಲ. ಹಳೆಯ ಸುಕ್ಕುಶೀಟಿಗೆ ಬರಿಯ ಸತುವಿನ ಲೇಪವಿತ್ತು. ಈಗ ಮನೆಗಳಿಗೆ ಹೊದಿಸುವ ಬಣ್ಣದ ಶೀಟುಗಳಲ್ಲಿ ಉತ್ತಮವಾದವಕ್ಕೆ ನೂರಕ್ಕೆ 55 ಪಾಲು ಅಲ್ಯೂಮಿನಿಯಂ ಇರುವ ಸತುವಿನ ಮಿಶ್ರಲೇಪವಿರುತ್ತದೆ. ಅಮೆರಿಕದ ಬೆತ್ಲಹೆಮ್ ಸ್ಟೀಲ್ ಕಂಪನಿ 1972ರಲ್ಲಿ ಮಾರುಕಟ್ಟೆಗೆ ತಂದ ಲೇಪವಿದು. ಬರಿಯ ಸತುವಿಗಿಂತ ಹೆಚ್ಚು ಕಾಲ ಬಾಳುತ್ತದೆ. ಕೊಳ್ಳುವಾಗ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಅಂಗಡಿಯವರು ಹೇಳುವ ದಪ್ಪ ಬಣ್ಣವೂ ಸೇರಿದ್ದೋ, ಒಳಗಿನ ಉಕ್ಕಿನದು ಮಾತ್ರವೋ? ಎರಡೂ ಮಗ್ಗುಲು ಸೇರಿ ಚದರ ಮೀಟರಿಗೆ ಎಷ್ಟು ಗ್ರಾಮು ಲೇಪವಿದೆ? ಮಿಶ್ರಲೇಪವಾದರೆ 150 ಗ್ರಾಮು ಇರುವುದು ಒಳ್ಳೆಯದು. ಈ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನ ಗ್ಯಾರಂಟಿಗೆ ಯಾವ ಬ್ಯಾಂಕಿನಲ್ಲೂ ಬೆಲೆಯಿಲ್ಲ.

ಶೀಟಿನ ಮಾಡು ಮೊದಲು ಸೋಲುವುದು ಶೀಟಿನಲ್ಲಿ ಅಲ್ಲ, ಸ್ಕ್ರೂಗಳಲ್ಲಿ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಪುಷ್ಯಮಾಸದ ಮುಂಜಾವಿನಲ್ಲಿ 10 ಡಿಗ್ರಿಯಿರುವ ತಗಡು ಮೇ ತಿಂಗಳ ನಡುಹಗಲಿನಲ್ಲಿ 70 ಡಿಗ್ರಿ ಮುಟ್ಟಿತೆಂದುಕೊಂಡರೆ, ಆರು ಮೀಟರು ಉದ್ದದ ಶೀಟು ನಾಲ್ಕು ಮಿಲಿಮೀಟರಿಗೂ ಮಿಕ್ಕಿ ಉದ್ದವಾಗುತ್ತದೆ. ದಿನವೂ ನಡೆಯುವ ಈ ಎಳೆದಾಟದಲ್ಲಿ ಸ್ಕ್ರೂವಿನ ತೂತು ಅಗಲವಾಗುತ್ತದೆ, ರಬ್ಬರಿನ ವಾಷರು ಬಿಸಿಲಿಗೆ ಸೀಳುತ್ತದೆ. ಹತ್ತು-ಹನ್ನೆರಡು ವರ್ಷಕ್ಕೊಮ್ಮೆ ಸ್ಕ್ರೂ, ವಾಷರುಗಳನ್ನು ಬದಲಿಸುವ ಖರ್ಚನ್ನು ಯಾವ ಕೊಟೇಶನ್ನೂ ತೋರಿಸುವುದಿಲ್ಲ. ಇಪ್ಪತ್ತೈದು ವರ್ಷಕ್ಕೆ ಶೀಟನ್ನೇ ಬದಲಿಸುವುದೆಂದು ಎಣಿಸುವುದು ಕ್ಷೇಮ.

ಈಗ ನಮ್ಮ ಮನೆಯ ಕತೆ. ಶಿರಸಿಯ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಹಿರಿಯರ ಹೆಂಚಿನ ಮನೆಯಿದೆ. ಅಣ್ಣ, ಅತ್ತಿಗೆ ಅಲ್ಲಿಯೇ ಇದ್ದಾರೆ. ನಾವು ನಾಗಪುರದಲ್ಲಿ, ತಮ್ಮ ಬೆಂಗಳೂರಿನಲ್ಲಿ. ಒಂದು ಸಂಜೆ ಅಣ್ಣ ಫೋನು ಮಾಡಿ, "ತಮ್ಮಾ, ಇನ್ನು ನನ್ನ ಕೈಲಿ ಆಗುವುದಿಲ್ಲ, ಶೀಟು ಹಾಕಿಸಿಬಿಡೋಣ" ಎಂದರು. ನಮಗೂ ತಮ್ಮನಿಗೂ ಅದು ಹಿಡಿಸಲಿಲ್ಲ. ಆ ಹೆಂಚಿನ ಸಾಲು, ಮಳೆಯ ಸಪ್ಪಳ, ಅಟ್ಟದ ತಂಪು ಎಂದೆಲ್ಲ ಹೇಳಿದೆವು. ವರ್ಷಕ್ಕೆ ಹತ್ತು ದಿನ ಅಲ್ಲಿರುವವರಿಗೆ ಹೀಗೆ ಹೇಳುವುದು ಸುಲಭವೆಂಬುದು ಆಗ ಹೊಳೆಯಲಿಲ್ಲ. ನೌಕರಿಯ ಅಭ್ಯಾಸಬಲದಿಂದ ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆವು.

150 ಚದರ ಮೀಟರಿನ ಮಾಡು; ಅವಧಿ 30 ವರ್ಷ. ಠೇವಣಿಗೆ ನೂರಕ್ಕೆ 7 ಬಡ್ಡಿ, ಬೆಲೆಯೇರಿಕೆ ನೂರಕ್ಕೆ 5 ಎಂದಿಟ್ಟುಕೊಂಡೆವು. ಆಗ ಮುಂದಿನ ಖರ್ಚುಗಳನ್ನು ಇಂದಿನ ಬೆಲೆಯಲ್ಲಿಯೇ ಬರೆದು, ವರ್ಷಕ್ಕೆ ನೂರಕ್ಕೆ 2ರಂತೆ ಹಿಂದಕ್ಕೆ ಎಳೆದರೆ ಅವುಗಳ ಇಂದಿನ ಮೌಲ್ಯ ದೊರೆಯುತ್ತದೆ. ಹೆಂಚಿನ ಪಕ್ಷದಲ್ಲಿ, ರೀಪು ಬದಲಿಸಿ ಮಾಡನ್ನು ಒಮ್ಮೆ ಸರಿಪಡಿಸಲು 1,50,000 ರೂಪಾಯಿ. ಆಮೇಲೆ ವರ್ಷಂಪ್ರತಿ ಹೆಂಚು, ರೀಪುಗಳಿಗೆ 4,000. ಮೂವತ್ತು ವರ್ಷಗಳ ಆ ನಾಲ್ಕು ಸಾವಿರಗಳ ಇಂದಿನ ಮೌಲ್ಯ ಸುಮಾರು 89,600. ಒಟ್ಟು 2,39,600. ಶೀಟಿನ ಪಕ್ಷದಲ್ಲಿ ಈಗ ಉಕ್ಕಿನ ಚೌಕಟ್ಟು ಸಹಿತ 3,50,000; ಹನ್ನೆರಡನೆಯ ವರ್ಷ ಸ್ಕ್ರೂ, ಬಣ್ಣಗಳಿಗೆ 40,000; ಇಪ್ಪತ್ತೈದನೆಯ ವರ್ಷ ಹೊಸ ಶೀಟಿಗೆ 2,00,000. ಇಂದಿನ ಮೌಲ್ಯಕ್ಕೆ ಇಳಿಸಿದರೆ ಒಟ್ಟು 5,03,400. ಮೂವತ್ತನೆಯ ವರ್ಷದಲ್ಲಿ ಆ ಎರಡನೆಯ ಶೀಟಿಗೆ ಇನ್ನೂ ಇಪ್ಪತ್ತು ವರ್ಷ ಆಯುಸ್ಸು ಇರುತ್ತದಷ್ಟೆ. ಆ ಬಾಬ್ತು 88,300 ಕಳೆದರೆ 4,15,100 ಉಳಿಯುತ್ತದೆ. ಈ ದರಗಳು ನಾವು ಹಾಕಿಕೊಂಡವು; ಓದುಗರು ತಮ್ಮ ಊರಿನ ದರಗಳನ್ನು ಹಾಕಿ ನೋಡತಕ್ಕದ್ದು. ನಮ್ಮ ಕಾಗದದಲ್ಲಂತೂ ಹೆಂಚು ಒಂದೂಮುಕ್ಕಾಲು ಲಕ್ಷದಿಂದ ಗೆದ್ದಿತ್ತು. ಸಂತೋಷದಿಂದ ಶ್ರೀಮತಿಗೆ ತೋರಿಸಿದೆವು.

ಆಕೆ ಕಾಗದವನ್ನು ಎರಡು ಸಲ ಓದಿ, "ಭಾವನವರ ಕೂಲಿ ಎಲ್ಲಿ ಬರೆದಿದ್ದೀರಿ?" ಎಂದು ಕೇಳಿದಳು.

ಬರೆದಿರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರತಿ ಮೇ ತಿಂಗಳಿನಲ್ಲಿ ಅಣ್ಣನವರೇ ಮಾಡು ಏರಿ ಹೆಂಚು ಕೈಯಾಡಿಸುತ್ತಿದ್ದರು. ನಾವಿಬ್ಬರು ಹೆಂಚಿನ ದುಡ್ಡು ಕಳಿಸಿ ನಮ್ಮ ಪಾಲು ಮುಗಿಯಿತೆಂದು ತಿಳಿದಿದ್ದೆವು. ಕಳೆದ ವರ್ಷ, ಅರವತ್ತೈದನೆಯ ವಯಸ್ಸಿನಲ್ಲಿ, ಪಾಚಿಯ ಮೇಲೆ ಕಾಲು ಜಾರಿ ಅವರ ಪಾದದ ಗಂಟು ಮುರಿದಿತ್ತು. ನಾಲ್ಕು ವಾರ ಹಾಸಿಗೆ ಹಿಡಿದವರನ್ನು ನೋಡಲು ಹೋಗಿ ಬಂದಿದ್ದೆವು ಕೂಡ. ಆದರೂ ಆ ಸಂಗತಿ ನಮ್ಮ ಲೆಕ್ಕದ ಕಾಗದಕ್ಕೆ ಬಂದಿರಲಿಲ್ಲ.

ಮತ್ತೆ ಬರೆದೆವು. ಇಬ್ಬರು ಆಳು, ನಾಲ್ಕು ದಿನ, ದಿನಕ್ಕೆ ಸಾವಿರದಂತೆ ವರ್ಷಕ್ಕೆ 8,000. ಅಂದರೆ ವಾರ್ಷಿಕ ಖರ್ಚು 4,000 ಅಲ್ಲ, 12,000. ಹೆಂಚಿನ ಮೊತ್ತ 4,18,800ಕ್ಕೆ ಏರಿತು. ಶೀಟಿನದು 4,15,100. ಮೂವತ್ತು ವರ್ಷಗಳ ಲೆಕ್ಕದಲ್ಲಿ ಮೂರುಮುಕ್ಕಾಲು ಸಾವಿರದ ಅಂತರವೆಂದರೆ ಅಂತರವೇ ಅಲ್ಲ. ಕೂಲಿಯು ಉಳಿದ ಬೆಲೆಗಳಿಗಿಂತ ಬೇಗ ಏರುತ್ತದೆ, ಬಡ್ಡಿಯಷ್ಟೇ ಏರುತ್ತದೆ ಎಂದುಕೊಂಡರೆ ಹೆಂಚಿನ ಮೊತ್ತ 4,79,600 ಆಗುತ್ತದೆ. ಶೀಟೇ ಅರವತ್ತು ಸಾವಿರದಷ್ಟು ಅಗ್ಗ. ಹೆಂಚಿನ ಮನೆ ಅಗ್ಗವಾಗಿ ಕಂಡದ್ದು ಒಬ್ಬರು ಅದನ್ನು ಪುಕ್ಕಟೆಯಾಗಿ ಹೊರುತ್ತಿದ್ದುದರಿಂದ.

ಹಾಗೆಂದು ಶೀಟಿಗೂ ತನ್ನದೇ ಬಚ್ಚಿಟ್ಟ ಖರ್ಚುಗಳಿವೆ. ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ತಗಡಿನ ಒಳಮೈ ಬೆವರುತ್ತದೆ. ಅಟ್ಟದಲ್ಲಿ ಅಡಿಕೆ, ಮೆಣಸು ಇಟ್ಟವರಿಗೆ ಆ ಹನಿಗಳು ದುಬಾರಿ. ಹೆಂಚಿನ ಸಂದುಗಳಿಂದ ಹೊಗೆ, ಹಬೆ ತಾವಾಗಿಯೇ ಹೊರಹೋಗುತ್ತವೆ. ಶೀಟಿನಡಿ ಅದಕ್ಕೆ ಬೇರೆ ದಾರಿ ಮಾಡಿಕೊಡಬೇಕು.

ನಾಗಪುರದಲ್ಲಿ ಈ ಬಚ್ಚಿಟ್ಟ ಖರ್ಚಿನ ಹೆಸರು ಶೆಕೆ. 2013ರ ಮೇ ತಿಂಗಳಿನಲ್ಲಿ ಇಲ್ಲಿಯ ಉಷ್ಣತೆ 47 ಡಿಗ್ರಿ ದಾಟಿದ್ದನ್ನು ಮರೆತವರಿಲ್ಲ. ತಾರಸಿಯ ಮೇಲೆ ಆಳೆತ್ತರದ ಸಂದು ಬಿಟ್ಟು, ನಾಲ್ಕೂ ಕಡೆ ಗಾಳಿಯಾಡುವಂತೆ ಶೀಟು ಹೊದಿಸಿದರೆ ಅದು ಕೊಡೆಯಂತೆ ಕೆಲಸ ಮಾಡಿ ಕೆಳಗಿನ ಸ್ಲ್ಯಾಬನ್ನು ತಂಪಾಗಿಡುತ್ತದೆ, ಸೋರಿಕೆಯನ್ನೂ ತಪ್ಪಿಸುತ್ತದೆ. ಅದೇ ಶೀಟಿನಡಿ ಗೋಡೆ ಎಬ್ಬಿಸಿ ಕೋಣೆ ಮಾಡಿದರೆ ಅದು ಒಲೆಯಾಗುತ್ತದೆ. ಅಂತಹ ಕೋಣೆಗೆ ಬೇಸಿಗೆಯ 90 ದಿನ ಏಸಿ ಮೂರು ಗಂಟೆ ಹೆಚ್ಚು ಓಡಿತೆನ್ನಿ. ಗಂಟೆಗೆ ಒಂದೂವರೆ ಯೂನಿಟ್ಟಿನಂತೆ 405 ಯೂನಿಟ್ಟು. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೆ ವರ್ಷಕ್ಕೆ 4,050. ಇಪ್ಪತ್ತೈದು ವರ್ಷಕ್ಕೆ ಅದರ ಇಂದಿನ ಮೌಲ್ಯ 79,000 ರೂಪಾಯಿ. ಆದ್ದರಿಂದ ತಿಳಿಬಣ್ಣದ ಶೀಟಿಗೂ ಒಳಗಿನ ಶಾಖನಿರೋಧಕ ಪದರಕ್ಕೂ ಮೊದಲೇ ಹಣ ಹಾಕುವುದು ಜಾಣತನ. ಮುಂಗಾರಿಗೆ ಮುನ್ನ ಬರುವ ಬಿರುಗಾಳಿಗೆ ಅಂಚಿನ ಶೀಟುಗಳೇ ಮೊದಲು ಹಾರುವುದರಿಂದ ಅಲ್ಲಿ ಸ್ಕ್ರೂಗಳು ಒತ್ತಾಗಿರಲಿ. ಮಹಾನಗರಪಾಲಿಕೆಯ ಅನುಮತಿಯನ್ನೂ, ಫ್ಲ್ಯಾಟಾದರೆ ಸೊಸೈಟಿಯ ಒಪ್ಪಿಗೆಯನ್ನೂ ಕೆಲಸಕ್ಕೆ ಮೊದಲೇ ಪಡೆಯುವುದು ಲೇಸು.

ಮಕ್ಕಳು ಅಮೆರಿಕದಲ್ಲಿರುವವರು ಅಲ್ಲಿಯ ಡಾಂಬರಿನ ಶಿಂಗಲ್ಲುಗಳನ್ನು ಕಂಡು ಬಂದು ವಿಚಾರಿಸುತ್ತಾರೆ. ಹಲಗೆಯ ಮೇಲೆ ಮೊಳೆ ಹೊಡೆದು ಹೊದಿಸುವ ಆ ಹಾಳೆಗಳ ಆಯುಸ್ಸು ಅಲ್ಲಿಯೇ ಇಪ್ಪತ್ತು-ಮೂವತ್ತು ವರ್ಷ. ಡಾಂಬರಿಗೆ ಬಿಸಿಲೇ ಶತ್ರು; ನಾಗಪುರದಲ್ಲಿ ಅದಕ್ಕಿಂತ ಮೊದಲೇ ಒಣಗಿ ಸೀಳುವ ಸಂಭವವೇ ಹೆಚ್ಚು. ಕೇರಳದಲ್ಲಿ ಇಳಿಜಾರಿನ ಕಾಂಕ್ರೀಟಿನ ಮೇಲೆ ಇದನ್ನು ಅಂಟಿಸುತ್ತಾರೆ. ಅದು ಬಹುಪಾಲು ಅಂದಕ್ಕಾಗಿ. ಅಂದಕ್ಕೆ ನಮ್ಮ ಲೆಕ್ಕದಲ್ಲಿ ಕಲಮು ಇಲ್ಲ. ಹಳೆಯ ಕಲ್ನಾರಿನ ಸಿಮೆಂಟು ಶೀಟು ಇರುವವರು ಮಾತ್ರ ಅದನ್ನು ತಾವೇ ಒಡೆದು ಇಳಿಸುವ ಸಾಹಸಕ್ಕೆ ಹೋಗಬಾರದು. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಒಡೆದಾಗಲೇ ಅದರ ಎಳೆಗಳು ಗಾಳಿಗೆ ಸೇರುವುದು.

ಊರಿನ ಮನೆಗೆ ಕೊನೆಗೆ ನಾವು ಮಾಡಿದ್ದು ಹೀಗೆ. ಕೊಟ್ಟಿಗೆ ಮತ್ತು ಹಿಂಭಾಗದ ಜಗುಲಿ, ಸುಮಾರು 60 ಚದರ ಮೀಟರು, ಶೀಟಿಗೆ ಹೋಯಿತು. ಮುಖ್ಯ ಮನೆಯ ತೊಲೆಗಳು ಗಟ್ಟಿಯಿದ್ದುದರಿಂದಲೂ ಅಟ್ಟದಲ್ಲಿ ಅಡಿಕೆ ಇರುವುದರಿಂದಲೂ ಅಲ್ಲಿ ಹೆಂಚನ್ನೇ ಉಳಿಸಿದೆವು. ಕೊಟ್ಟಿಗೆಯಿಂದ ಇಳಿಸಿದ ಒಂಬೈನೂರು ಹೆಂಚುಗಳಲ್ಲಿ ಒಳ್ಳೆಯವನ್ನು ಆರಿಸಿ ಗೋಡೆಯ ಬದಿ ಪೇರಿಸಿದ್ದೇವೆ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಕಚ್ಚಿಗೆ ಸರಿಯಾಗಿ ಕೂರುವುದಿಲ್ಲ. ಹಳೆಯ ಹಲವು ಕಾರ್ಖಾನೆಗಳು ಮುಚ್ಚಿಹೋಗಿರುವಾಗ ಅದೇ ಅಚ್ಚಿನ ಹೆಂಚು ಹಣ ಕೊಟ್ಟರೂ ಸಿಗದು. ಆಳಿನ ಕೂಲಿಗೆಂದು ನಾವೂ ತಮ್ಮನೂ ತಿಂಗಳಿಗೆ ಐನೂರರಂತೆ ಆವರ್ತ ಠೇವಣಿ ತೆರೆದೆವು. ವರ್ಷಕ್ಕೆ ಹನ್ನೆರಡು ಸಾವಿರ ಕೂಡುತ್ತದೆ. ಸತತ ಎರಡು ವರ್ಷ ಆಳು ಸಿಗದಿದ್ದರೆ ಮುಖ್ಯ ಮನೆಗೂ ಶೀಟು ಎಂದು ಮೂವರೂ ಒಪ್ಪಿದ್ದೇವೆ. ಹೆಂಚಿನ ಮೇಲೆ ಪ್ರೀತಿಯಿರುವ ನಾವಿಬ್ಬರು ಆಗ ಮಾತೆತ್ತುವಂತಿಲ್ಲ.

ಈ ಸಲ ಹೆಂಚು ಕೈಯಾಡಿಸಲು ಇಬ್ಬರು ಬಂದಿದ್ದರಂತೆ. ಅಣ್ಣನವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತು, ಊರುಗೋಲಿನಿಂದ ಎಡಬದಿಯ ಮೂರನೆಯ ಸಾಲನ್ನು ತೋರಿಸಿ, ಅಲ್ಲೊಂದು ಹೆಂಚು ಸರಿದಿದೆಯೆಂದು ಕೂಗಿ ಹೇಳುತ್ತಿದ್ದರೆಂದು ಅತ್ತಿಗೆ ಫೋನಿನಲ್ಲಿ ತಿಳಿಸಿದರು.